ಉಜ್ಜುಗಲ್ಲು

ನಮ್ಮ ಬಚ್ಚಲಲ್ಲಿ ಒಂದು ಕಲ್ಲಿತ್ತು. ಅಂಗೈಯಗಲ, ಬೂದು ಬಣ್ಣ. ಒಂದು ಮಗ್ಗುಲು ಮೂರು ತಲೆಮಾರಿನ ಹಿಮ್ಮಡಿ ತಿಕ್ಕಿ ನುಣ್ಣಗಾಗಿತ್ತು, ಇನ್ನೊಂದು ಮಗ್ಗುಲು ಒರಟಾಗಿಯೇ ಉಳಿದಿತ್ತು. ಶಿಂಷಾ ಹೊಳೆಯಿಂದ ಯಾವ ಕಾಲಕ್ಕೋ ಬಂದದ್ದು. ಹಿಮ್ಮಡಿಗೆಂದು ಇಟ್ಟ ಕಲ್ಲು ಅಜ್ಜಿಯ ಕೈಗೆ ಸಿಕ್ಕರೆ ಮೊಣಕಾಲು, ಮೊಣಕೈ, ಕತ್ತಿನ ಹಿಂಭಾಗ ದಾಟಿ ತೋಳಿಗೂ ಬರುತ್ತಿತ್ತು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಕೆ.ಎಂ. ದೊಡ್ಡಿ ಬಿಟ್ಟು ಒಳಕ್ಕೆ ಹೋದರೆ ನಮ್ಮೂರು. ನಾನು ಹೇಳುತ್ತಿರುವುದು 1977ರ ಸುಮಾರಿನ ಮಾತು. ನನಗಾಗ ಏಳು ವರ್ಷ.

ಶನಿವಾರ ಎಣ್ಣೆನೀರು. ಹರಳೆಣ್ಣೆ ಹಚ್ಚಿ ಎಳೆಬಿಸಿಲಿಗೆ ಕೂರಿಸಿ, ಹಂಡೆಯ ನೀರು ಹದಕ್ಕಿಂತ ಒಂದು ಕೈ ಹೆಚ್ಚೇ ಕಾದ ಮೇಲೆ ಬಚ್ಚಲಿಗೆ ಕರೆಯುವರು. ತಲೆಗೆ ಸೀಗೆಪುಡಿ, ಮೈಗೆ ಕಡಲೆಹಿಟ್ಟು, ಅದಾದ ಮೇಲೆ ಒಣಗಿದ ಹೀರೆಕಾಯಿ ನಾರು, ಕೊನೆಗೆ ಕಲ್ಲು. ನನ್ನ ತೋಳಿನ ಹೊರಮಗ್ಗುಲಲ್ಲಿ ಬುದ್ಧಿ ಬಂದಾಗಿನಿಂದ ಸಣ್ಣ ಸಣ್ಣ ಗುಳ್ಳೆ. ಮುಟ್ಟಿದರೆ ರಾಗಿಕಾಳು ಅಂಟಿಸಿದ ಹಾಗೆ. ಅಜ್ಜಿಯ ಲೆಕ್ಕದಲ್ಲಿ ಅದು ಕೊಳೆ. "ಕೊಳೆ ಕಣವ್ವ, ಬುಡದಲ್ಲೇ ಕುಂತದೆ. ಉಜ್ಜುದ್ರೆ ಬತ್ತದೆ, ಸುಮ್ಕಿರು" ಅನ್ನುತ್ತಾ ಉಜ್ಜುವಳು. ಬತ್ತಿ ಬತ್ತಿಯಾಗಿ ಉದುರಿದ್ದನ್ನು ಬೆರಳ ತುದಿಯಲ್ಲಿ ಎತ್ತಿ ನನಗೇ ತೋರಿಸುವಳು. ಸಾಕ್ಷಿ ಕಣ್ಣೆದುರಿಗಿರುವಾಗ ಎದುರಾಡುವುದು ಹೇಗೆ? ರಾತ್ರಿ ಚಾಪೆಗೆ ತೋಳು ತಾಕಿದರೆ ಉರಿ. ಎರಡು ದಿನಕ್ಕೆ ಉರಿ ಹೋಗಿ ಕಪ್ಪು ಉಳಿಯುತ್ತಿತ್ತು. ಮುಂದಿನ ಶನಿವಾರದ ಹೊತ್ತಿಗೆ ರಾಗಿಕಾಳೂ ವಾಪಸ್ಸು ಬಂದಿರುತ್ತಿತ್ತು.

ಅಕ್ಕನ ಮೈ ಇದನ್ನೆಲ್ಲ ತಡೆದುಕೊಳ್ಳುತ್ತಿತ್ತು. ನನ್ನದು ತಡೆಯುತ್ತಿರಲಿಲ್ಲ. "ಇದ್ರದ್ದು ತೆಳು ಚರ್ಮ, ಗದ್ದೆಗೆ ಆಗಾಕಿಲ್ಲ" ಎಂದು ಅಜ್ಜಿ ನೆಂಟರ ಮುಂದೆ ಹೇಳುತ್ತಿದ್ದಳು. ಸೂಕ್ಷ್ಮ ಚರ್ಮ ಅನ್ನುವ ಮಾತು ನಮ್ಮ ಕಡೆ ಇರಲಿಲ್ಲ. ತೆಳು ಚರ್ಮ ಅಂದರೆ ಕುಂಟು ಕಾಲಿನ ಹಾಗೆ ಒಂದು ಊನ, ಕೆಲಸಕ್ಕೆ ಬಾರದ್ದು ಎಂಬ ತೀರ್ಪು. ಸಂಕ್ರಾಂತಿಯ ದಿನ ಕಿಚ್ಚು ಹಾಯಿಸುವ ಮುಂಚೆ ಎತ್ತುಗಳನ್ನು ನಾಲೆಗಿಳಿಸಿ ಹುಲ್ಲಿನ ಸಿಂಬೆಯಲ್ಲಿ ಉಜ್ಜುತ್ತಿದ್ದರಲ್ಲ, ಮಕ್ಕಳ ಮೈಯನ್ನೂ ಅದೇ ಕೈ, ಅದೇ ಭಾರದಲ್ಲಿ ಉಜ್ಜುತ್ತಿತ್ತು. ಅಜ್ಜಿಗೆ ನಮ್ಮ ಮೇಲೆ ಅಕ್ಕರೆ ಇತ್ತು. ಆ ಅಕ್ಕರೆ ತೋರಿಸಲು ಅವಳಿಗೆ ಗೊತ್ತಿದ್ದ ದಾರಿ ಬಲವಾಗಿ ಉಜ್ಜುವುದು ಒಂದೇ. ಇದನ್ನು ನಾನು ಕೋಪದಿಂದ ಬರೆಯುತ್ತಿಲ್ಲ. ಆದರೆ ಹಳೆಯದೆಲ್ಲ ಹಿತವಾಗಿತ್ತು ಎಂದು ಈಗಿನವರು ಹೇಳುವುದನ್ನು ಕೇಳಿದಾಗೆಲ್ಲ ನನಗೆ ಆ ಚಾಪೆ ನೆನಪಿಗೆ ಬರುತ್ತದೆ.

ಗದ್ದೆಗೆ ಆಗುವುದಿಲ್ಲ ಅಂದರೂ ಗದ್ದೆಗೆ ಹೋಗದೆ ಇರಲಿಲ್ಲ. ಕಬ್ಬಿನ ಗರಿಯ ಅಂಚು ಗರಗಸ. ಸುಂಕು ಮೈಗೆ ಹತ್ತಿದರೆ ಇಡೀ ರಾತ್ರಿ ನವೆ. ಗೀರಿದ ಗಾಯದ ಮೇಲೆ ಕಬ್ಬಿನ ಹಾಲು ಬಿದ್ದರಂತೂ ಚುರುಗುಟ್ಟುತ್ತಿತ್ತು. ಕಬ್ಬು ಐದಾರು ತಿಂಗಳದ್ದಾದಾಗ ಒಣ ಸೋಗೆ ಬಿಡಿಸುವ ಕೆಲಸ ಬರುತ್ತಿತ್ತು. ಅದರಲ್ಲಿ ಅಪ್ಪ ತುಂಬಾ ಹುಷಾರು. ಒಂದು ಸಾಲಿನಲ್ಲಿ ನನ್ನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಒಣಗಿದ ಸೋಗೆಯನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದ್ದರು. ಎಳೆಯಲಿಲ್ಲ, ಸುಮ್ಮನೆ ಪಕ್ಕಕ್ಕೆ ಸರಿಸಿದರು. ಅದು ಗೆಣ್ಣಿನಿಂದ ಕಳಚಿ ಕೈಗೆ ಬಂತು. ಮೇಲಿನ ಅರೆಹಸಿ ಸೋಗೆಗೆ ನಾನು ಕೈ ಹಾಕಿದಾಗ ಮುಂಗೈ ಹಿಡಿದರು. "ಒಣಗಿರೋದು ತಾನೇ ಕೈಗೆ ಬತ್ತದೆ. ಹಸೀದು ಕಿತ್ರೆ ಕಣ್ಣಿಗೆ ಏಟಾಯ್ತದೆ." ಕಬ್ಬಿನ ಕಣ್ಣು ಅಂದರೆ ಗೆಣ್ಣಿನ ಮೊಳಕೆ, ಮುಂದಿನ ಬೆಳೆಯ ಬಿತ್ತನೆ. ಅದೇ ಮನೆಯಲ್ಲಿ ಪ್ರತಿ ಶನಿವಾರ ನನ್ನ ತೋಳಿನ ಹಸಿ ಸೋಗೆಯನ್ನೂ ಕೀಳುತ್ತಿದ್ದರು ಎಂಬುದು ಅಪ್ಪನಿಗಾಗಲಿ ನನಗಾಗಲಿ ಆಗ ಹೊಳೆಯಲಿಲ್ಲ.

ಹೊಳೆದದ್ದು ಬಹಳ ತಡವಾಗಿ, ನಾನೇ ವಿಜ್ಞಾನದ ಟೀಚರಾಗಿ ಚರ್ಮದ ಪಾಠ ಮಾಡುವಾಗ. ಚರ್ಮದ ತೀರಾ ಹೊರಗಿನ ಪದರದಲ್ಲಿ ಜೀವವಿಲ್ಲ. ಹದಿನೈದು ಇಪ್ಪತ್ತು ಸುತ್ತು ಸತ್ತ ಕೋಶಗಳು ಒಂದರ ಮೇಲೊಂದು ಕೂತಿರುತ್ತವೆ. ಎಲ್ಲಾ ಸೇರಿದರೂ ಕಾಗದದಷ್ಟು ದಪ್ಪವಿಲ್ಲ. ತಳದಲ್ಲಿ ಹುಟ್ಟಿದ ಕೋಶ ಮೇಲೆ ಬಂದು, ಚಪ್ಪಟೆಯಾಗಿ, ಒಣಗಿ ಉದುರಲು ಸುಮಾರು ನಾಲ್ಕು ವಾರ ಬೇಕು. ಕೋಶ ಕೋಶಕ್ಕೂ ನಡುವೆ ಬೆಸುಗೆ ಇರುತ್ತದೆ. ಕಾಲ ತುಂಬಿದಾಗ ಆ ಬೆಸುಗೆ ಸಡಿಲಾಗಿ ಕೋಶ ತಾನಾಗಿ ಉದುರುತ್ತದೆ. ಅಜ್ಜಿ ಬತ್ತಿ ಬತ್ತಿಯಾಗಿ ಎತ್ತಿ ತೋರಿಸುತ್ತಿದ್ದದ್ದು ಇದನ್ನು. ಮೇಲಿನ ಸುತ್ತು ಹೋಗುವುದು ಸರಿ. ಕಲ್ಲಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ, ಅದು ಬೆಸುಗೆ ಬಿಡದ ಕೆಳಗಿನ ಸುತ್ತನ್ನೂ ಕಿತ್ತು ತರುತ್ತದೆ. ಆ ಪದರ ಇರುವುದು ಒಳಗಿನ ನೀರನ್ನು ಒಳಗೇ ಹಿಡಿದಿಡಲು, ಹೊರಗಿನದನ್ನು ತಡೆಯಲು. ಅದು ಹರಿದರೆ ಬೆವರೂ ಚುಚ್ಚುತ್ತದೆ. ನನ್ನ ತೋಳಿನ ಗುಳ್ಳೆಗಳಿಗೆ ಕೆರಟೋಸಿಸ್ ಪಿಲಾರಿಸ್ ಎಂಬ ಹೆಸರಿದೆಯೆಂದು ತಿಳಿದದ್ದೂ ಆಮೇಲೆಯೇ. ರೋಮದ ಬುಡದಲ್ಲಿ ಕೆರಾಟಿನ್ ಬಿರಡೆಯ ಹಾಗೆ ಕಟ್ಟಿಕೊಳ್ಳುವುದು. ಮನೆತನದಲ್ಲಿ ಬರುವುದು, ಅಪಾಯವಿಲ್ಲದ್ದು, ಲಕ್ಷಾಂತರ ಜನಕ್ಕೆ ಇರುವುದು. ಉಜ್ಜಿದರೆ ಕೆರಳುವುದು.

ಕಲ್ಲಿನಿಂದ ತಪ್ಪಿಸಿಕೊಂಡು ಆಮ್ಲಕ್ಕೆ ಬಂದ ನನ್ನ ಮೊದಲ ಹೆಜ್ಜೆಯೂ ತಪ್ಪಿತು. 1988ರ ಮೇ ತಿಂಗಳು, ಮಳವಳ್ಳಿಯಲ್ಲಿ ದೊಡ್ಡಮ್ಮನ ಮಗಳ ಮದುವೆ. ನಿಂಬೆಹಣ್ಣು ಮತ್ತು ಸಕ್ಕರೆ ಹಚ್ಚಿ ತಿಕ್ಕಿದರೆ ಮುಖ ಹೊಳೆಯುತ್ತದೆಂದು ಯಾವುದೋ ಪತ್ರಿಕೆಯ ಅಂಕಣದಲ್ಲಿ ಓದಿದ್ದೆ. ಬೆಳಿಗ್ಗೆ ಹಚ್ಚಿ ತಿಕ್ಕಿ, ನೀರಲ್ಲಿ ಬರೀ ಒರೆಸಿಕೊಂಡು, ಚಪ್ಪರದ ಕೆಲಸಕ್ಕೆ ಬಿಸಿಲಲ್ಲಿ ಓಡಾಡಿದೆ. ಸಂಜೆಗೆ ಕೆನ್ನೆ ಉರಿಯತೊಡಗಿತು, ಎರಡನೆಯ ದಿನ ನೀರುಗುಳ್ಳೆ ಎದ್ದಿತು, ವಾರಕ್ಕೆ ಎರಡೂ ಕೆನ್ನೆ ಮೇಲೆ ಸುಟ್ಟ ಹಂಚಿನ ಬಣ್ಣ. ಮದುವೆಯ ಫೋಟೋದಲ್ಲಿ ನಾನು ಎಲ್ಲರ ಹಿಂದೆ, ಸೆರಗನ್ನು ಗಲ್ಲಕ್ಕೆ ಎಳೆದುಕೊಂಡು ನಿಂತಿದ್ದೇನೆ. ಆ ಕಪ್ಪು ಮಾಸಲು ಹತ್ತು ತಿಂಗಳಾಯಿತು.

ನಿಂಬೆರಸದ ಪಿಎಚ್ ಎರಡರ ಆಸುಪಾಸು, ಅಂದರೆ ಬಹಳ ಹುಳಿ. ಅದರ ಜೊತೆ ನಿಂಬೆಯಲ್ಲಿ, ಮುಖ್ಯವಾಗಿ ಸಿಪ್ಪೆಯಲ್ಲಿ, ಫ್ಯೂರೊಕೌಮರಿನ್ ಎಂಬ ವಸ್ತುಗಳಿವೆ. ಅವು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಚರ್ಮ ಸುಡುತ್ತದೆ, ಸುಟ್ಟ ಕಡೆ ಕಪ್ಪಾಗುತ್ತದೆ. ನಮ್ಮ ಬಣ್ಣದ ಚರ್ಮದಲ್ಲಿ ಕೆಂಪು ಅಷ್ಟಾಗಿ ಕಾಣುವುದಿಲ್ಲ, ಆದರೆ ಏನೇ ಕೆರಳಿದರೂ ಅದರ ಗುರುತು ಕಪ್ಪಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಬಿಳಿಯರಿಗೆ ಬರೆದ ಸಲಹೆಯನ್ನು ಹಾಗೇ ಎತ್ತಿ ನಮ್ಮ ಹುಡುಗಿಯರಿಗೆ ಕೊಡಬಾರದು ಎಂದು ನಾನು ಈಗಲೂ ಗಟ್ಟಿಯಾಗಿ ಹೇಳುವುದು ಇದಕ್ಕೇ. ನಿಂಬೆ ಸಾರಿಗಿರಲಿ, ಉಪ್ಪಿನಕಾಯಿಗಿರಲಿ.

ಅಷ್ಟೂ ವರ್ಷ ಮೆದುವಾದ ಆಮ್ಲ ಮನೆಯೊಳಗೇ ಇತ್ತು. ನೆಲುವಿನ ಮೇಲಿನ ಮಡಕೆಯಲ್ಲಿ. ಗದ್ದೆಯಿಂದ ಮುಖ ಸುಟ್ಟುಕೊಂಡು ಬಂದ ದಿನ ಅವ್ವ ಮೊಸರಿನ ಕೆನೆ ಸವರುತ್ತಿದ್ದಳು. ಉಜ್ಜುತ್ತಿರಲಿಲ್ಲ, ಹಾಗೇ ಬಿಟ್ಟು ತಣ್ಣೀರಲ್ಲಿ ತೊಳೆದುಕೊ ಅನ್ನುತ್ತಿದ್ದಳು. ಅದನ್ನು ಯಾರೂ ಔಷಧಿ ಎಂದು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಉರಿಯದ್ದು ಔಷಧಿಯಾಗುವುದು ಹೇಗೆ? ಹುಳುಕಡ್ಡಿಗೆಂದು ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುತ್ತಿದ್ದ ವಿಟ್‌ಫೀಲ್ಡ್ ಮುಲಾಮು ಚೆನ್ನಾಗಿ ಉರಿಯುತ್ತಿತ್ತು, ಆದ್ದರಿಂದ ಅದರ ಮೇಲೆ ಎಲ್ಲರಿಗೂ ನಂಬಿಕೆ. ಇಂಗ್ಲೆಂಡಿನ ಚರ್ಮವೈದ್ಯ ಆರ್ಥರ್ ವಿಟ್‌ಫೀಲ್ಡ್ 1907ರಲ್ಲಿ ಹೇಳಿದ ಮಿಶ್ರಣ ಅದು, ಬೆಂಜಾಯಿಕ್ ಆಮ್ಲ 6 ಪಾಲು, ಸ್ಯಾಲಿಸಿಲಿಕ್ ಆಮ್ಲ 3 ಪಾಲು. ಸ್ಯಾಲಿಸಿಲಿಕ್ ಆಮ್ಲ ಎಣ್ಣೆಯಲ್ಲಿ ಬೆರೆಯುವಂಥದ್ದು, ರೋಮದ ಬುಡದೊಳಕ್ಕೂ ಇಳಿದು ಪದರ ಬಿಡಿಸುತ್ತದೆ. ಇವತ್ತು ಮೊಡವೆಗೆಂದು ಮಂಡ್ಯದ ಅಂಗಡಿಗಳಲ್ಲಿ 2 ಪರ್ಸೆಂಟ್ ಎಂದು ಬರೆದು ಮಾರುವುದು ಇದನ್ನೇ. ರಾಸಾಯನಿಕವಾಗಿ ಚರ್ಮದ ಪದರ ಬಿಡಿಸುವ ವಿದ್ಯೆ ನಮ್ಮೂರಿಗೆ ಮೊಬೈಲಿನ ಜೊತೆ ಬಂದದ್ದಲ್ಲ, ಆಸ್ಪತ್ರೆಯ ತಗಡಿನ ಡಬ್ಬಿಯಲ್ಲಿ ಮೊದಲೇ ಬಂದಿತ್ತು.

ಮೊಸರಿನ ಹುಳಿಗೆ ಕಾರಣ ಲ್ಯಾಕ್ಟಿಕ್ ಆಮ್ಲ. ಹುಳಿಹಾಲಿನಿಂದ ಅದನ್ನು 1780ರಲ್ಲಿ ಬೇರ್ಪಡಿಸಿದವನು ಸ್ವೀಡನ್ನಿನ ಷೀಲೆ. ಮಳವಳ್ಳಿಯ ಹೈಸ್ಕೂಲಿನಲ್ಲಿ ಪಾಠ ಮಾಡುವಾಗ ನಾನು ಲಿಟ್ಮಸ್ ಕಾಗದಕ್ಕೆ ಮಕ್ಕಳ ಮನೆಯಿಂದಲೇ ಸಾಮಾನು ತರಿಸುತ್ತಿದ್ದೆ. ಬಾರ್ ಸೋಪಿನ ನೀರಿಗೆ ಕೆಂಪು ಕಾಗದ ಅದ್ದಿದರೆ ನೀಲಿ. ಮೊಸರಿನ ತಿಳಿಗೆ ನೀಲಿ ಅದ್ದಿದರೆ ಕೆಂಪು. ಸೀಗೆಪುಡಿ ನೆನೆಸಿದ ನೀರಲ್ಲಿ ನೀಲಿ ಕಾಗದ ಮಾಸಲು ಕೆಂಪಿಗೆ ತಿರುಗಿದಾಗ ಮಕ್ಕಳಿಗಿಂತ ನನಗೇ ಹೆಚ್ಚು ಆಶ್ಚರ್ಯವಾಗಿತ್ತು. ಆರೋಗ್ಯವಾಗಿರುವ ಚರ್ಮದ ಮೇಲ್ಮೈ ಪಿಎಚ್ ಸುಮಾರು 5, ಅದು ತಾನೇ ಹುಳಿಯ ಕಡೆಗಿರುವುದು. ಸಾಮಾನ್ಯ ಸೋಪು 9ರಿಂದ 10. ನಮ್ಮ ಕೊಳವೆಬಾವಿಯ ಗಡಸು ನೀರಲ್ಲಿ ಸೋಪು ಹಚ್ಚಿ ಮೇಲೆ ನಾರಿನಲ್ಲಿ ಉಜ್ಜಿದರೆ ಚರ್ಮ ಎರಡು ಕಡೆಯಿಂದ ಏಟು ತಿನ್ನುತ್ತಿತ್ತು. ಆಲೆಮನೆಯಲ್ಲಿ ಕಬ್ಬಿನ ಹಾಲಿಗೆ ಸುಣ್ಣದ ತಿಳಿ ಹಾಕಿ ಹುಳಿ ಮುರಿಯುವುದನ್ನು ನೋಡಿ ಬೆಳೆದ ಮಕ್ಕಳಿಗೆ ಆಮ್ಲ, ಪ್ರತ್ಯಾಮ್ಲ ವಿವರಿಸುವುದು ಕಷ್ಟವೇ ಆಗಲಿಲ್ಲ. ಕೊಪ್ಪರಿಗೆಗೆ ಸುಣ್ಣ ಒಂದು ಹನಿ ಹೆಚ್ಚಾದರೆ ಬೆಲ್ಲದ ಬಣ್ಣ ಕೆಡುತ್ತದೆಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಇಷ್ಟೆಲ್ಲ ಪಾಠ ಮಾಡುತ್ತಿದ್ದ ನಾನು ನನ್ನ ಮುಖದ ವಿಷಯದಲ್ಲಿ ಇನ್ನೊಂದು ದೊಡ್ಡ ತಪ್ಪು ಮಾಡಿದೆ. 2002ರಲ್ಲಿ ಮಂಡ್ಯದಲ್ಲಿ ಮನೆ ಮಾಡಿ ಮಳವಳ್ಳಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಾಗ ಕೆನ್ನೆಯ ಮೇಲೆ ಬಂಗು ಕಾಣಿಸಿತು. ಔಷಧಿ ಅಂಗಡಿಯೊಂದರಲ್ಲಿ ಕೇಳಿದೆ. ಚೀಟಿ ಇಲ್ಲ, ಏನಿಲ್ಲ, ಒಂದು ಟ್ಯೂಬು ಕೊಟ್ಟರು. ಹತ್ತು ದಿನಕ್ಕೆ ಮುಖ ಬೆಳ್ಳಗೆ, ನುಣ್ಣಗೆ. ಸ್ಟಾಫ್ ರೂಮಿನಲ್ಲಿ ಮೂರು ಜನ ಹೆಸರು ಕೇಳಿ ಬರೆದುಕೊಂಡರು, ನಾನೇ ಬರೆಸಿದೆ. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ. ಆ ಟ್ಯೂಬಿನಲ್ಲಿ ಇದ್ದದ್ದು ಸ್ಟೀರಾಯ್ಡ್. ವರ್ಷವಾಗುವಷ್ಟರಲ್ಲಿ ಮುಖದ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಕೆನ್ನೆಯಲ್ಲಿ ಸಣ್ಣ ರಕ್ತನಾಳಗಳು ಕಾಣತೊಡಗಿದವು. ಒಂದು ರಾತ್ರಿ ಹಚ್ಚದಿದ್ದರೆ ಬೆಳಿಗ್ಗೆ ಕೆಂಡ. ಅಜ್ಜಿ ಹೇಳುತ್ತಿದ್ದ ತೆಳು ಚರ್ಮ ಹುಟ್ಟಿನಿಂದ ಬಂದದ್ದು, ಇದು ದುಡ್ಡು ಕೊಟ್ಟು ತಂದುಕೊಂಡದ್ದು.

ಇದು ನನ್ನೊಬ್ಬಳ ಕಥೆಯಲ್ಲ. ಭಾರತದ ಚರ್ಮವೈದ್ಯರು ಇದಕ್ಕೊಂದು ಹೆಸರನ್ನೇ ಇಟ್ಟಿದ್ದಾರೆ, ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್ ಎಂದು. ಅವರ ಸಂಘ ಐಎಡಿವಿಎಲ್ ಈ ಮುಲಾಮುಗಳ ದುರ್ಬಳಕೆಯ ವಿರುದ್ಧ ವರ್ಷಗಟ್ಟಲೆ ಹೋರಾಡಿತು. 2018ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಟ್ಯೂಬಿನ ಮೇಲೆ ಬೆಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್ ಎಂದು ಸಣ್ಣ ಅಕ್ಷರದಲ್ಲಿದ್ದರೆ ಅದು ಕ್ರೀಮಲ್ಲ, ಔಷಧಿ. ಅದನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ಹಚ್ಚಬೇಕು.

2004ರಲ್ಲಿ ಮಂಡ್ಯದ ಚರ್ಮವೈದ್ಯೆಯೊಬ್ಬರ ಹತ್ತಿರ ಹೋದೆ. ಅವರು ಮುಖವನ್ನು ಮುಟ್ಟಲಿಲ್ಲ. ದೀಪ ಹತ್ತಿರ ತಂದು ನೋಡಿ, ಚೀಲದಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಸುರಿಯಲು ಹೇಳಿದರು. ಸೋಪು, ಸ್ಕ್ರಬ್ಬು, ಟ್ಯೂಬು, ಹೀರೆನಾರು ಎಲ್ಲವನ್ನೂ ಒಂದು ಕಡೆಗೆ ಸರಿಸಿದರು. ಉಳಿದದ್ದು ಒಂದು ಬಿಳಿ ಮಾಯಿಶ್ಚರೈಸರು. "ಮೂರು ತಿಂಗಳು ಇದು ಮತ್ತು ಬಿಸಿಲಿನ ಕ್ರೀಮು. ಇನ್ನೇನೂ ಬೇಡ. ಟ್ಯೂಬು ಬಿಟ್ಟ ಮೇಲೆ ಮೊದಲಿಗಿಂತ ಹೆಚ್ಚು ಉರಿಯುತ್ತೆ, ಹೆದರಿ ಮತ್ತೆ ಹಚ್ಚಬೇಡಿ" ಅಂದರು. ಹೇಳಿದ ಹಾಗೇ ಉರಿಯಿತು. ಆರು ವಾರ ತರಗತಿಯಲ್ಲಿ ದುಪಟ್ಟಾ ಮುಚ್ಚಿಕೊಂಡೇ ಪಾಠ ಮಾಡಿದೆ.

ತೋಳಿಗೆ ಮಾತ್ರ ಮೊದಲ ದಿನವೇ ಒಂದು ಲೋಷನ್ ಬರೆದಿದ್ದರು, ಯೂರಿಯಾ ಮತ್ತು ಲ್ಯಾಕ್ಟಿಕ್ ಆಮ್ಲ ಸೇರಿದ್ದು. ಸ್ನಾನವಾದ ಮೇಲೆ ಸವರುವುದು, ಉಜ್ಜುವಂತಿಲ್ಲ. ಎಂಟನೆಯ ದಿನ ಏನೂ ಆಗಿರಲಿಲ್ಲ. ಇಪ್ಪತ್ತನೆಯ ದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಸುಮ್ಮನೆ ತೋಳು ಸವರಿಕೊಂಡಾಗ ಬೆರಳು ತಡೆಯಲಿಲ್ಲ. ಮೂವತ್ತು ವರ್ಷದ ರಾಗಿಕಾಳು ಪೂರ್ತಿ ಹೋಗಿರಲಿಲ್ಲ, ತೀರಾ ಸಣ್ಣದಾಗಿತ್ತು. ಒಂದು ದಿನವೂ ಉರಿದಿರಲಿಲ್ಲ, ಒಂದು ಕಪ್ಪು ಗುರುತೂ ಬಿದ್ದಿರಲಿಲ್ಲ. ನನ್ನ ಕೈ ನನಗೇ ಬೇರೆಯವರದ್ದೆನಿಸಿ ಕೆ.ಎಂ. ದೊಡ್ಡಿ ಬರುವವರೆಗೂ ಸವರಿಕೊಳ್ಳುತ್ತಲೇ ಇದ್ದೆ.

ಹೇಗೆ ಎಂದು ಆಮೇಲೆ ಓದಿಕೊಂಡೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಯೂಜಿನ್ ವ್ಯಾನ್ ಸ್ಕಾಟ್ ಮತ್ತು ರೂಯಿ ಯೂ ಎಂಬ ಇಬ್ಬರು 1974ರಲ್ಲಿ ಪ್ರಕಟಿಸಿದ ಕೆಲಸದಿಂದ ಈ ದಾರಿ ತೆರೆಯಿತು. ಅವರು ನೋಡುತ್ತಿದ್ದದ್ದು ಚೆಲುವಿಗಾಗಿ ಬಂದವರನ್ನಲ್ಲ, ಇಕ್ತಿಯೋಸಿಸ್ ಇರುವವರನ್ನು. ಮೈಯೆಲ್ಲ ಮೀನಿನ ಹುರುಪೆಯಂತೆ ಕಟ್ಟಿಕೊಳ್ಳುವ ಕಾಯಿಲೆ ಅದು. ಲ್ಯಾಕ್ಟಿಕ್, ಗ್ಲೈಕಾಲಿಕ್‌ನಂಥ ಆಲ್ಫಾ ಹೈಡ್ರಾಕ್ಸಿ ಆಮ್ಲಗಳನ್ನು ಹಚ್ಚಿದಾಗ ಆ ಹುರುಪೆ ಬಿಟ್ಟುಕೊಂಡಿತು. ಈ ಆಮ್ಲಗಳು ಸತ್ತ ಕೋಶಗಳ ನಡುವಿನ ಬೆಸುಗೆಯನ್ನು ಸಡಿಲಿಸುತ್ತವೆ, ಉದುರಬೇಕಾದ್ದು ಉದುರುತ್ತದೆ. ಅಪ್ಪ ಎರಡು ಬೆರಳಲ್ಲಿ ಪಕ್ಕಕ್ಕೆ ಸರಿಸಿದ ಸೋಗೆ.

ಎಲ್ಲ ಆಮ್ಲವೂ ಒಂದೇ ವೇಗದಲ್ಲಿ ಒಳಗೆ ಹೋಗುವುದಿಲ್ಲ. ಗ್ಲೈಕಾಲಿಕ್ ಆಮ್ಲದ ಅಣುತೂಕ 76, ಈ ಗುಂಪಿನಲ್ಲಿ ಅದೇ ಅತಿ ಚಿಕ್ಕದು. ಬೇಗ ಇಳಿಯುತ್ತದೆ, ಬೇಗ ಚುಚ್ಚುತ್ತದೆ. ಲ್ಯಾಕ್ಟಿಕ್ 90, ಜೊತೆಗೆ ನೀರನ್ನು ಹಿಡಿದಿಡುವ ಗುಣವೂ ಇದೆ. ಬಾದಾಮಿಯ ಹೆಸರಿನಿಂದ ಬಂದ ಮ್ಯಾಂಡೆಲಿಕ್ 152, ಗ್ಲುಕೊನೊಲ್ಯಾಕ್ಟೋನ್ 178. ಇವು ನಿಧಾನ. ಕೆರಳುವ ಚರ್ಮಕ್ಕೆ ಈ ನಿಧಾನದವೇ ಹೊಂದುತ್ತವೆ. ಸೀಸೆಯ ಮೇಲೆ ಪರ್ಸೆಂಟ್ ಒಂದನ್ನೇ ನೋಡಿದರೂ ಸಾಲದು. ಪಿಎಚ್ 3.8ರ ಹತ್ತಿರ ಲ್ಯಾಕ್ಟಿಕ್ ಆಗಲಿ ಗ್ಲೈಕಾಲಿಕ್ ಆಗಲಿ ಅರ್ಧದಷ್ಟು ಮಾತ್ರ ಆಮ್ಲದ ರೂಪದಲ್ಲಿರುತ್ತದೆ. ಪಿಎಚ್ ಇಳಿದಷ್ಟೂ ಅದರ ಪಾಲು ಏರುತ್ತದೆ. ಮನೆಯಲ್ಲಿ ಹಚ್ಚುವ ಸೀಸೆಗೆ 10 ಪರ್ಸೆಂಟಿಗಿಂತ ಹೆಚ್ಚು ಬೇಡ, ಪಿಎಚ್ 3.5ಕ್ಕಿಂತ ಕೆಳಗೆ ಬೇಡ, ಬಿಸಿಲಿನ ರಕ್ಷಣೆ ಇರಲೇಬೇಕು ಎಂದು ಅಮೆರಿಕದ ಪ್ರಸಾಧನ ಪರಿಶೀಲನಾ ಸಮಿತಿ 1998ರಲ್ಲೇ ಹೇಳಿತ್ತು. ಈ ಆಮ್ಲ ಹಚ್ಚುವಷ್ಟು ಕಾಲವೂ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ನಿಲ್ಲಿಸಿದ ಒಂದು ವಾರದವರೆಗೂ ಹುಷಾರಾಗಿರಬೇಕು. ಗದ್ದೆಗೆ ಹೋಗುವ ಹೆಂಗಸಿಗೆ, ಮಧ್ಯಾಹ್ನ ಸ್ಕೂಟರಿನಲ್ಲಿ ಓಡಾಡುವ ಹುಡುಗಿಗೆ ಮೊದಲು ಹೇಳಬೇಕಾದ್ದು ಇದು.

ಮೊಸರನ್ನೇ ಹಚ್ಚಿದರೆ ಸಾಲದೇ ಎಂದು ಎಲ್ಲರೂ ಕೇಳುತ್ತಾರೆ. ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ ಸುಮಾರು 1 ಪರ್ಸೆಂಟ್, ಪಿಎಚ್ 4ಕ್ಕಿಂತ ಮೇಲೆ. ತಂಪು ಕೊಡುತ್ತದೆ, ಪದರ ಬಿಡಿಸುವಷ್ಟು ಬಲ ಅದಕ್ಕಿಲ್ಲ. ಅವ್ವನ ಕೆನೆ ಹಿತವಾಗಿದ್ದದ್ದು ನಿಜ, ಅದರಿಂದ ಕಪ್ಪು ಹೋದದ್ದನ್ನು ನಾನು ಕಂಡಿಲ್ಲ. ಗ್ಲೈಕಾಲಿಕ್ ಸೀಸೆಗಳ ಮೇಲೆ ಕಬ್ಬಿನ ಜಲ್ಲೆಯ ಚಿತ್ರ ನೋಡಿದಾಗ ಮಂಡ್ಯದವಳಾದ ನನಗೆ ಮೊದಮೊದಲು ಹಿಗ್ಗಾಗುತ್ತಿತ್ತು. ಕಬ್ಬಿನ ಹಾಲಿನಲ್ಲಿ ಅದು ಒಂದಿಷ್ಟು ಇದೆ, ನಿಜ. ಆದರೆ ಸೀಸೆಗೆ ಬರುವುದು ಬಹುಪಾಲು ಕಾರ್ಖಾನೆಯಲ್ಲಿ ಬೇರೆ ರಾಸಾಯನಿಕಗಳಿಂದ ಮಾಡಿದ್ದು. ಹಾಲಿನ ಹೆಸರಿನ ಲ್ಯಾಕ್ಟಿಕ್ ಆಮ್ಲವನ್ನೇ ಸಕ್ಕರೆ, ಪಿಷ್ಟ, ಕಾಕಂಬಿಯಂಥವನ್ನು ಹುದುಗಿಸಿ ಮಾಡುತ್ತಾರೆ. ಕಬ್ಬಿನ ಋಣ ಅದಕ್ಕೇ ಹೆಚ್ಚು.

ಮುಖಕ್ಕೆ ನನಗೆ ಆಮ್ಲ ಕೊಟ್ಟದ್ದು ಆರು ತಿಂಗಳ ಮೇಲೆ. ಲ್ಯಾಕ್ಟಿಕ್ 5 ಪರ್ಸೆಂಟ್, ವಾರಕ್ಕೆ ಒಂದೇ ರಾತ್ರಿ, ಮುಖ ಪೂರ್ತಿ ಒಣಗಿದ ಮೇಲೆ, ಬಟಾಣಿ ಕಾಳಿನಷ್ಟು. ಅದಕ್ಕೂ ಮುಂಚೆ ಕಿವಿಯ ಕೆಳಗೆ ಎರಡು ರಾತ್ರಿ ಹಚ್ಚಿ ನೋಡಬೇಕು. ಸ್ವಲ್ಪ ಜುಮ್ಮೆಂದರೆ ಸರಿ, ಉರಿದರೆ ತೊಳೆಯಬೇಕು. ಇಪ್ಪತ್ತು ವರ್ಷವಾಯಿತು, ಮೂರು ರಾತ್ರಿಗೆ ಒಂದಕ್ಕಿಂತ ಮುಂದೆ ನಾನು ಹೋಗಿಲ್ಲ. ಚಳಿಗಾಲದಲ್ಲಿ ಅದನ್ನೂ ನಿಲ್ಲಿಸುತ್ತೇನೆ.

ಅಜ್ಜಿ ತೊಂಬತ್ತರ ಹತ್ತಿರ ಬಂದು ಹಾಸಿಗೆ ಹಿಡಿದದ್ದು 2009ರಲ್ಲಿ. ಮೊಣಕಾಲಿನ ಕೆಳಗೆ ಅವಳ ಚರ್ಮ ಬತ್ತಿದ ಕೆರೆಯ ಅಂಗಳದ ಹಾಗೆ ಬಿರಿದಿತ್ತು. ರಾತ್ರಿಯೆಲ್ಲ ಕೆರೆತ. ಅವಳು ಕಲ್ಲು ಕೇಳಿದಳು. ಕಲ್ಲು ಇನ್ನೂ ಬಚ್ಚಲಲ್ಲೇ ಇತ್ತು. ನಾನು ಕೊಡಲಿಲ್ಲ. ವೈದ್ಯೆಯನ್ನು ಕೇಳಿ, ಗಾಯವಿಲ್ಲದ ಕಡೆ ಮಾತ್ರ, ನನ್ನ ತೋಳಿನ ಲೋಷನ್ನನ್ನೇ ಸವರತೊಡಗಿದೆ. ವಾರದ ಕೊನೆಗೆ ಊರಿಗೆ ಹೋದಾಗ ನಾನು, ಉಳಿದ ದಿನ ಅತ್ತಿಗೆ. "ಇದೇನವ್ವ, ಬರೀ ಸವರ್ತಿದ್ದೀಯ, ಒಸಿ ಉಜ್ಜು" ಎಂದು ಪ್ರತಿ ಸಲವೂ ಗದರುವಳು. ಮೂರನೆಯ ವಾರ ಬೆಳಿಗ್ಗೆ ಎದ್ದು ಕೂತು ತನ್ನ ಮೊಣಕಾಲಿನ ಕೆಳಗೆ ಕೈಯಾಡಿಸಿದಳು. ಇನ್ನೊಂದು ಸಲ ಆಡಿಸಿದಳು. ದುಪ್ಪಟಿ ಎತ್ತಿ ನೋಡಿದಳು, ಹಾಸಿಗೆ ಕೊಡವಿ ನೋಡಿದಳು. "ಹಂಗಾರೆ ಆ ಕೊಳೆ ಎಲ್ಲೋಯ್ತು?" ಅಂದಳು. ಅದು ಕೊಳೆಯಲ್ಲ ಅಜ್ಜಿ ಎಂದು ಹೇಳಲು ಬಾಯಿ ಬರಲಿಲ್ಲ. ಹೋಯ್ತು ಬಿಡು, ಅಂದೆ. 2011ರಲ್ಲಿ ತೀರಿಕೊಂಡಳು.

ಈಗ ಮಂಡ್ಯದ ನೂರಡಿ ರಸ್ತೆಯಲ್ಲಿ ಅಡ್ಡಾಡಿದರೆ ಚರ್ಮದ ಕ್ಲಿನಿಕ್ಕುಗಳ ಬೋರ್ಡುಗಳು ಕಾಣುತ್ತವೆ. ಇಲ್ಲಿನ ವೈದ್ಯಕೀಯ ಕಾಲೇಜಿನ ಮಿಮ್ಸ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. 1988ರಲ್ಲಿ ನನಗೆ ಸಿಗದಿದ್ದ ಸಲಹೆ ಈಗ ಹೊರರೋಗಿ ಚೀಟಿಗೆ ಸಿಗುತ್ತದೆ. ಸೀಸೆಗಳಿಗೆ ಮಂಡ್ಯಕ್ಕೂ ಬರಬೇಕಿಲ್ಲ, ಮಳವಳ್ಳಿಯ ಹಳ್ಳಿಗೂ ಕೊರಿಯರ್ ಹುಡುಗ ಬೈಕಿನಲ್ಲಿ ತಂದುಕೊಡುತ್ತಾನೆ. ನನ್ನ ಹಳೆಯ ವಿದ್ಯಾರ್ಥಿನಿಯರ ಮಕ್ಕಳು ನಯಾಸಿನಮೈಡ್, ಸೆರಾಮೈಡ್ ಎಂದು ಸಲೀಸಾಗಿ ಹೇಳುತ್ತಾರೆ. ಇದರಲ್ಲಿ ನನಗೆ ಖುಷಿಯೇ ಇದೆ. ತನ್ನ ಚರ್ಮ ಎಂಥದ್ದೆಂದು ಹುಡುಗಿಯೊಬ್ಬಳು ಲೇಬಲ್ ಓದಿ ಯೋಚಿಸುವುದು ಒಳ್ಳೆಯದು. ಹೆದರಿಕೆ ಇರುವುದು ಬೇರೆ ಕಡೆ. ಕಲ್ಲು ಹೋಯಿತು, ಕಲ್ಲು ಹಿಡಿದ ಕೈಯ ಭಾರ ಹೋಗಿಲ್ಲ.

ಕಳೆದ ತಿಂಗಳು ಅಕ್ಕನ ಮೊಮ್ಮಗಳು ಮಳವಳ್ಳಿಯಿಂದ ವಿಡಿಯೋ ಕರೆ ಮಾಡಿದಳು. ಹದಿನೇಳು ವರ್ಷ, ಪಿಯುಸಿ. ನನ್ನದೇ ತೋಳು, ನನ್ನದೇ ಕೆನ್ನೆ. ಮೊಡವೆಯ ಕಲೆ ಹೋಗಲೆಂದು ರಕ್ತದ ಬಣ್ಣದ ದ್ರವವೊಂದನ್ನು ತರಿಸಿಕೊಂಡಿದ್ದಾಳೆ. 30 ಪರ್ಸೆಂಟ್ ಆಮ್ಲ, ವಾರಕ್ಕೊಮ್ಮೆ ಹತ್ತು ನಿಮಿಷ ಮಾತ್ರ, ಸೂಕ್ಷ್ಮ ಚರ್ಮಕ್ಕೆ ಬೇಡ ಎಂದು ಸೀಸೆಯ ಮೇಲೇ ಬರೆದಿತ್ತು. ಅವಳು ಎರಡು ದಿನಕ್ಕೊಮ್ಮೆ ಹಚ್ಚಿದ್ದಳು, ಮೂರನೆಯ ಸಲ ಇಪ್ಪತ್ತೈದು ನಿಮಿಷ. "ಉರಿತಿತ್ತು ಅಜ್ಜಿ, ಕೆಲಸ ಮಾಡ್ತಿದೆ ಅನ್ಕೊಂಡೆ" ಅಂದಳು. ಮಾರನೆಯ ದಿನವೇ ಹೋಗಿ ಮಿಮ್ಸಿಗೆ ಕರೆದುಕೊಂಡು ಬಂದೆ. ಮದ್ದೂರು ದಾರಿಯಲ್ಲೇ ಬಂದೆವು. ಎಳನೀರು ಮಾರುಕಟ್ಟೆಯ ಹತ್ತಿರ ಇಳಿದಾಗ ಎಳನೀರು ಕುಡಿಯಲು ಬಾಯಿ ತೆರೆದರೆ ತುಟಿಯ ಅಂಚಿನ ಚರ್ಮ ಎಳೆಯಿತು ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಆ ಕಣ್ಣೀರು ಕೆನ್ನೆಗಿಳಿದು ಅಲ್ಲೂ ಉರಿಯಿತು.

ವೈದ್ಯರು ಹೇಳಿದ್ದು ಇಪ್ಪತ್ತು ವರ್ಷದ ಹಿಂದೆ ನಾನು ಕೇಳಿದ್ದನ್ನೇ. ಎಲ್ಲ ಸೀಸೆಯನ್ನೂ ಎತ್ತಿಡು. ಸೋಪಿಲ್ಲದ ಮೆದುವಾದ ಕ್ಲೆನ್ಸರು, ಮಾಯಿಶ್ಚರೈಸರು, ಬಿಸಿಲಿನ ಕ್ರೀಮು, ನಾಲ್ಕು ವಾರ. ಆಮೇಲೆ ಬಾ, ಬೇಕಿದ್ದರೆ ಮ್ಯಾಂಡೆಲಿಕ್ 5 ಪರ್ಸೆಂಟಿನಿಂದ ನೋಡೋಣ. ಸೀಸೆಗಳನ್ನು ಅವಳೇ ತಂದು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿಸಿದ್ದಾಳೆ. ದಿನಾ ರಾತ್ರಿ ಫೋಟೋ ಕಳಿಸುತ್ತಾಳೆ, ಕಿಟಕಿಯ ಪಕ್ಕ ನಿಂತು, ಮೊದಲು ಎಡಗೆನ್ನೆ, ಆಮೇಲೆ ಬಲಗೆನ್ನೆ. ಇವತ್ತಿಗೆ ಹನ್ನೊಂದು ದಿನ. ಕೆಂಪು ಇಳಿದಿದೆ. ಬಲಗೆನ್ನೆಯ ಕಪ್ಪು ಇನ್ನೂ ಹಾಗೇ ಇದೆ, ಅದಕ್ಕೆ ತಿಂಗಳುಗಳು ಬೇಕು. ಗಲ್ಲದ ಹತ್ತಿರ ಒಂದು ಸಿಪ್ಪೆ ಅರ್ಧ ಎದ್ದು ನಿಂತಿದೆ, ಅರ್ಧ ಇನ್ನೂ ಅಂಟಿಕೊಂಡಿದೆ. ಕೀಳಲೇ ಎಂದು ಕೇಳಿದ್ದಾಳೆ. ಬೇಡ, ಒಣಗಲಿ, ತಾನೇ ಕೈಗೆ ಬರುತ್ತದೆ ಎಂದು ಬರೆದು ಕಳಿಸಿದೆ.